ಅಕ್ಕ ಕೇಳಿದ ಮರಿ

ಅಕ್ಕನಿಗೆ ಒಂದು ಮಾತು ಹೇಳಬೇಕಿತ್ತು. ಅವಳು ಬದುಕಿರುವವರೆಗೂ ಹೇಳಲಿಲ್ಲ. ಮೊನ್ನೆ ಮೊಮ್ಮಗಳ ಸ್ವೆಟರಿಗೆ ಇಸ್ತ್ರಿ ಪೆಟ್ಟಿಗೆ ತಾಗಿ, ಪ್ಲಾಸ್ಟಿಕ್ ಸುಟ್ಟ ವಾಸನೆ ಮನೆತುಂಬ ಎದ್ದಾಗ ಆ ಮಾತು ಮತ್ತೆ ಗಂಟಲಿಗೆ ಬಂತು...

ಮತ್ತೋಡಿನ ಕಡೆ ನಮ್ಮದು ಕುರಿ ಸಾಕುವ ಮನೆ. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದ ಅಕ್ಕ ಉಣ್ಣೆ ನೂಲುತ್ತಾ ಕೂತಳು. ಮದುವೆಯಲ್ಲಿ ಗದ್ದಿಗೆಗೆ ಹಾಸಲು ಅವಳ ನೂಲಿನ ಕಂಬಳಿಯೇ ಬೇಕೆಂದು ಸುತ್ತಿನ ಊರವರು ಬರುತ್ತಿದ್ದರು. ಅವಳಿಗಿದ್ದ ಮಾನ ಅದೊಂದೇ.

ನಾನು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವನು. ದುರ್ಗದಲ್ಲಿ ಲಾರಿಗೆ ಮೂಟೆ ಹೊರುತ್ತಿದ್ದುದರಿಂದ ಪೇಟೆ ಬಲ್ಲವನೆಂಬ ಜಂಬ. ಒಂದು ಸಲ ಅವಳಿಗೆಂದು ಕೆಂಪು ಶಾಲು ತಂದೆ. ಅಂಗಡಿಯವರು ಕ್ಯಾಶ್ಮಿಲಾನ್ ಅಂದಿದ್ದರು. ಅದು ಉಣ್ಣೆಯ ಜಾತಿಯೆಂದೇ ನಾನು ತಿಳಿದೆ.

ಅಕ್ಕ ಬೆರಳಲ್ಲಿ ತಿಕ್ಕಿ ನೋಡಿದಳು. "ಒಂದು ಕಸ ಇಲ್ಲ, ಚುಚ್ಚದೂ ಇಲ್ಲ. ಯಾವ ಕುರೀದೋ ಇದು?"

"ಕ್ಯಾಶ್ಮಿಲಾನ್ ಕುರಿ ಕಣಕ್ಕ. ಕಾಶ್ಮೀರದ ಕಡೇದು."

"ಹಂಗಾರೆ ನಮ್ಮವು ಕುರಿ ಅಲ್ಲ ಬಿಡು, ಮುಳ್ಳಂದಿ" ಎಂದು ನಕ್ಕಳು. "ಅದರದೊಂದು ಮರಿ ತಂದ್ಕೊಡೋ ತಮ್ಮ. ಸಾಕ್ತೀನಿ."

ತರುತ್ತೇನೆ ಅಂದೆ.

ಆಮೇಲೆ ಅವಳ ಕೈ ನಿಧಾನವಾಯಿತು. ತನ್ನ ಕರಿ ಉಣ್ಣೆಯನ್ನು ಶಾಲಿನ ಪಕ್ಕ ಹಿಡಿದು ನೋಡುತ್ತಾ ಕೂತುಬಿಡುತ್ತಿದ್ದಳು. ಕಂಬಳಿ ಕೇಳಿ ಬಂದವರಿಗೆ, "ನಮ್ಮದು ಒರಟು, ಬೇರೆ ಕಡೆ ನೋಡ್ರಿ" ಅಂದಳು. ಕೊನೆಗೆ ರಾಟೆ ಅಟ್ಟ ಸೇರಿತು.

ಆ ಚಳಿಗಾಲದಲ್ಲೇ ನನ್ನ ಬೀಡಿಯ ಕಿಡಿ ಶಾಲಿನ ಮೇಲೆ ಬಿತ್ತು. ಉಣ್ಣೆ ಸುಟ್ಟರೆ ಕೂದಲು ಸುಟ್ಟ ವಾಸನೆ. ಇದು ಪ್ಲಾಸ್ಟಿಕ್ ನಾತ ಹೊಡೆದು ಕರಗಿ, ಮಣಿಯಂತೆ ಗಟ್ಟಿಯಾಯಿತು. ದುರ್ಗದ ಅಂಗಡಿಯಲ್ಲಿ ಕೇಳಿದೆ.

"ಕುರಿನಾ? ಅದು ಕಂಪನಿ ಇಟ್ಟ ಹೆಸರು ಕಣಪ್ಪ. ಮಿಷಿನ್‌ನಾಗೆ ಮಾಡಿದ ದಾರ" ಎಂದು ಅವರು ನಕ್ಕರು.

ಅಕ್ಕನೂ ಹಾಗೇ ನಕ್ಕಾಳೆಂದು ನಾಚಿಕೆಯಾಯಿತು. ನಾಳೆ ಹೇಳೋಣ ಅಂದುಕೊಂಡೆ. ಆ ನಾಳೆ...

ಹಾಸಿಗೆ ಹಿಡಿದಾಗಲೂ ಕೇಳಿದಳು: "ಮರಿ ಸಿಗಲಿಲ್ಲೇನೋ?"

"ಇನ್ನೂ ಇಲ್ಲಕ್ಕ."

ಅವಳನ್ನು ಮಣ್ಣು ಮಾಡುವಾಗ ಆ ಶಾಲನ್ನೇ ಹೊದಿಸಿದೆವು. ಅವಳ ನೂಲಿನ ಒಂದು ಕಂಬಳಿಯೂ ಮನೆಯಲ್ಲಿ ಉಳಿದಿರಲಿಲ್ಲ.

ಮೊನ್ನೆ ಸಂಜೆ ಹೊಲದ ಬದುವಿಗೆ ಹೋಗಿ, ಅವಳಿರುವ ಕಡೆ ಕೂತೆ. ಆಮೇಲೆ ಗಟ್ಟಿಯಾಗಿಯೇ ಹೇಳಿದೆ:

"ಅಕ್ಕ, ಆ ಕುರಿ ಎಲ್ಲೂ ಇಲ್ಲ. ಉಣ್ಣೆ ಅಂದ್ರೆ ನಿಂದೇ. ತಪ್ಪಾತು ಕಣಕ್ಕ."