ಕಾನಿ ಶೀಹಿ ಕುಡಿಯದೆ ಬಂದ ದಿನ

ಕಾನಿ ಶೀಹಿ ಒಳ್ಳೆಯವನು ಅಂತ ನಮ್ಮೂರಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಅದೇ ಅವನ ಗ್ರಹಚಾರ. ಕೆಟ್ಟವನಾಗಿದ್ದರೆ ಯಾರೂ ಅವನಿಗೆ ಗ್ಲಾಸು ತುಂಬಿಸಿ ಕೊಡುತ್ತಿರಲಿಲ್ಲ. ಛಾವಣಿ ರಿಪೇರಿ ಅವನ ಕಸುಬು. ನಮ್ಮೂರು ಕೂಲ್ನಾಹಾರದಲ್ಲಿ ಅವನು ಹತ್ತದ ಮನೆ ಇಲ್ಲ. ಬಿರುಗಾಳಿ ಎದ್ದ ಮಾರನೆಯ ದಿನ ಒಂಟಿ ಮುದುಕಿಯರ ಮನೆಗೆ ಕರೆಯದೇ ಹೋಗಿ ಏಣಿ ಹಾಕುತ್ತಿದ್ದ. ದುಡ್ಡು ಬೇಡ ಅನ್ನುತ್ತಿದ್ದ. ಬೇಡ ಅಂದವನಿಗೆ ಊರು ಏನು ಕೊಡುತ್ತೆ? ಒಂದು ಪೈಂಟ್ ಕರಿ ಬಿಯರ್ ಕೊಡಿಸುತ್ತೆ. ಹಾಗೆ ಕೊಡಿಸಿ ಕೊಡಿಸಿಯೇ ಅವನನ್ನು ಮುಳುಗಿಸಿತು.

ನಾನು ಮೋಯಾ, ಅವನ ಪಕ್ಕದ ಮನೆಯವಳು. ಅವನ ಹೆಂಡತಿ ನೋರೀನ್ ನನ್ನ ಜೀವದ ಗೆಳತಿ. ಅವಳ ಹೆಣ ಚರ್ಚಿನಲ್ಲಿದ್ದಾಗ ಈ ಮಹಾರಾಯ ಪಬ್ಬಿನಲ್ಲಿದ್ದ. ಕರೆತರಲು ಹೋದವಳು ಮಗಳು ಐಲಿಶ್. "ಒಂದು ತೊಟ್ಟೂ ಕುಡಿದಿಲ್ಲ ಕಣೇ, ಬೇಕಾದರೆ ಬಾಯಿ ಮೂಸು" ಅಂದನಂತೆ. ಅನ್ನುತ್ತಲೇ ಅಮಲಲ್ಲಿ ತೂರಾಡಿ ಅವಳ ಮೇಲೇ ಕುಸಿದನಂತೆ. ಅವತ್ತಿಂದ ಐಲಿಶ್ ಅಪ್ಪನಿಗೆ ಬಾಗಿಲು ತೆರೆಯಲಿಲ್ಲ. ಅವಳಿಗೆ ಡಾರಾ ಹುಟ್ಟಿದ, ನಡೆಯುವುದು ಕಲಿತ, ಮಾತೂ ಕಲಿತ. ತಾತ ಮಾತ್ರ ಎದುರಿನ ಫುಟ್‌ಪಾತಿನಿಂದಲೇ ನೋಡಿಕೊಂಡು ಹೋಗುತ್ತಿದ್ದ.

ಆಮೇಲೆ ಒಂದು ವಸಂತದಲ್ಲಿ ಕಾನಿ ಕುಡಿಯುವುದು ಬಿಟ್ಟ. ಯಾರಿಗೂ ಹೇಳಲಿಲ್ಲ. ಬೇಸಿಗೆ ಕಳೆಯಿತು, ಚಳಿ ಬಂತು, ಅವನ ಕೈ ನಡುಕ ನಿಂತಿತು. ನನಗೆ ತಡೆಯಲಾಗಲಿಲ್ಲ, ಐಲಿಶ್ ಹತ್ತಿರ ಹೋಗಿ ಹೇಳಿದೆ. ಅವಳು ಬಟ್ಟೆ ಮಡಿಸುತ್ತಾ ಕೇಳಿಸಿಕೊಂಡಳು.

"ಬಾಗಿಲು ಹಾಕ್ಕೊಂಡು ಒಳಗೆ ಕೂತು ಕುಡೀದೆ ಇರೋದು ದೊಡ್ಡದಲ್ಲ ಮೋಯಕ್ಕ. ಸ್ಟೀಫನ್ ಹಬ್ಬದ ದಿನ ಹಕ್ಕಿ ಮೆರವಣಿಗೇಲಿ ಎಲ್ಲ ಪಬ್ಬೂ ಸುತ್ತಿ ಬರ್ಲಿ. ಸುತ್ತಿ ಬಂದು ನೆಟ್ಟಗೆ ನನ್ನ ಬಾಗಿಲಲ್ಲಿ ನಿಂತ್ಕೊಳ್ಳಿ. ಆಗ ಮೊಮ್ಮಗನ್ನ ಎತ್ತಿ ಕೈಗೆ ಕೊಡ್ತೀನಿ."

"ಬೆಂಕಿ ಮೇಲೆ ನಡಿ ಅಂದ ಹಾಗಾಯ್ತಲ್ಲೇ!"

"ನಾನು ನಡೆದಿಲ್ವಾ?" ಅಂದಳು. ನಾನು ಹೋಗಿ ಕಾನಿಗೆ ಅವಳ ಮಾತನ್ನು ಹಾಗೇ ಮುಟ್ಟಿಸಿದೆ.

ಸ್ಟೀಫನ್ ಹಬ್ಬ ಅಂದರೆ ಕ್ರಿಸ್‌ಮಸ್ ಮಾರನೆಯ ದಿನ. ಅವತ್ತು ನಮ್ಮೂರಿನವರು ಮನುಷ್ಯರಾಗಿರುವುದಿಲ್ಲ. ಸೊಂಟಕ್ಕೆ ಹುಲ್ಲಿನ ಲಂಗ, ಹೆಗಲಿಗೆ ಹುಲ್ಲು, ತಲೆಯಿಂದ ಎದೆಯವರೆಗೆ ಗೋಪುರದ ಹಾಗೆ ಹೆಣೆದ ಹುಲ್ಲಿನ ಮುಖವಾಡ. ಗಂಡೋ ಹೆಣ್ಣೋ, ನೆಂಟನೋ ಶತ್ರುವೋ, ಹೆತ್ತ ತಾಯಿಗೂ ಗುರುತು ಸಿಗಬಾರದು. ಮುಂದೆ ಕೋಲಿನ ಮೇಲೆ ಮರದ ಹಕ್ಕಿ, ಹಿಂದೆ ಕೊಳಲು, ತಮಟೆ. ಪಬ್ಬಿಂದ ಪಬ್ಬಿಗೆ ಹೋಗುತ್ತೇವೆ, ಕೊನೆಗೆ ಮೇಲಿನ ಬೀದಿಯ ಮನೆಗಳಿಗೆ. ಐಲಿಶ್ ಮನೆಯೂ ಅಲ್ಲೇ.

"ಇದರೊಳಗೆ ನನ್ನನ್ನ ಯಾರು ಕಂಡುಹಿಡೀತಾರೆ? ಕಂಡುಹಿಡೀದೆ ಇದ್ರೆ ಯಾರು ಕುಡಿಸ್ತಾರೆ?" ಅಂದ ಕಾನಿ, ಮುಖವಾಡ ಹಾಕಿಕೊಳ್ಳುತ್ತಾ. ಮಗುವಿನ ಹಾಗೆ ಖುಷಿಯಾಗಿದ್ದ. ಕೈಯಲ್ಲಿ ಹಳೆಯ ಕೊಳಲು. ಅದು ಒಮ್ಮೆ ಸೀಳಿದಾಗ ಛಾವಣಿಯ ತಾಮ್ರದ ತಗಡನ್ನು ಸುತ್ತಿ ಕೂಡಿಸಿದ್ದ. ಆ ತಾಮ್ರದ ಪಟ್ಟಿ ಹಿಡಿದುಕೊಂಡೇ ಐಲಿಶ್ ಚಿಕ್ಕವಳಿದ್ದಾಗ ನಿದ್ದೆ ಹೋಗುತ್ತಿದ್ದಳು.

ಮೊದಲ ಪಬ್ಬು ದಾಟಿತು. ಎರಡನೆಯದೂ ದಾಟಿತು. ಹುಲ್ಲಿನೊಳಗೆ ಅವನು ನಗುವುದು ನನಗೆ ಕೇಳುತ್ತಿತ್ತು. ಮೂರನೆಯದು ಟ್ವೋಮಿ ಮುದುಕಿಯದು. ಅವಳಿಗೆ ಕಣ್ಣು ಮಂಜು, ಕಿವಿ ಮಾತ್ರ ಸೂಜಿ. ಕಾನಿ ನಾಲ್ಕು ಸ್ವರ ನುಡಿಸಿದನೋ ಇಲ್ಲವೋ, ಕೌಂಟರಿನ ಹಿಂದಿನಿಂದ ಕೂಗಿದಳು: "ಅಯ್ಯೋ ನನ್ನ ಕಂದ! ಈ ಊರಲ್ಲಿ ಹಾಗೆ ಊದೋನು ಒಬ್ಬನೇ. ಕಾನಿ ಬಂದ ಕಣ್ರೋ!"

ಮುಖ ಮುಚ್ಚಿದರೇನು, ಕೊಳಲು ಮುಚ್ಚುತ್ತದೆಯೇ? ಊರಿಗೆ ಊರೇ ಅವನ ಮೇಲೆ ಬಿತ್ತು. "ಎಲ್ಲಿ ಹಾಳಾಗಿ ಹೋಗಿದ್ಯೋ ಇಷ್ಟು ದಿನ?" "ನಮ್ಮಮ್ಮನ ಮನೆ ಸೋರೋದು ನಿಲ್ಲಿಸಿದೋನು ಇವನೇ!" ಒಬ್ಬನಾದ ಮೇಲೊಬ್ಬ ಎಲ್ಲರಿಗೂ ಕೊಡಿಸಬೇಕು ಅನ್ನೋದು ನಮ್ಮ ಪದ್ಧತಿ, ಬೇಡ ಅಂದರೆ ಕೊಡಿಸುವವನ ಮುಖಕ್ಕೆ ಹೊಡೆದ ಹಾಗೆ. ಕಾನಿ ಮುಂದೆ ಗ್ಲಾಸುಗಳು ಬಂದು ಕೂತವು.

"ಔಷಧಿ ತಗೊಳ್ತಿದೀನಿ ಕಣಪ್ಪ," ಅಂದ.

"ಇದೇ ಔಷಧಿ, ಹಾಕೋ ಮಾರಾಯ!"

ನಾನು ನನ್ನ ಮುಖವಾಡ ಎತ್ತಿ, "ಅವನದು ನನಗಿರ್ಲಿ, ತಮಟೆ ಬಾರಿಸಿ ಗಂಟಲು ಒಣಗಿದೆ," ಅಂತ ಎತ್ತಿ ಕುಡಿದೆ. ಜನ ಹೋ ಅಂದರು. ಕಾನಿ ನನ್ನ ಕೈ ಹಿಸುಕಿದ. ಆಮೇಲೆ ಹೋದಲ್ಲೆಲ್ಲ ಸುದ್ದಿ ನಮಗಿಂತ ಮುಂಚೆ ಹೋಗಿತ್ತು, ಗ್ಲಾಸು ಕಾದಿರುತ್ತಿತ್ತು. ಆದಷ್ಟು ನಾನು ಕುಡಿದೆ. ಮಿಕ್ಕಿದ್ದಕ್ಕೆ ಪಬ್ಬಿನವರು, "ಇಲ್ಲೇ ಇರುತ್ತೆ ಬಿಡು ಕಾನಿ, ನಿನ್ನ ಹೆಸರಲ್ಲಿ. ಬರ್ತಾ ಕುಡಿದು ಹೋಗು," ಅಂತ ಕೌಂಟರಿನ ಹಿಂದೆ ಎತ್ತಿಟ್ಟರು. ಪ್ರೀತಿ! ಇಂಥ ಪ್ರೀತಿಗಿಷ್ಟು ಬೆಂಕಿ ಹಾಕ.

ಕೊನೆಯ ಪಬ್ಬಿಗೆ ಬರುವಷ್ಟರಲ್ಲಿ ನನಗೆ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಕಾನಿ ಕಲ್ಲಿನ ಹಾಗಿದ್ದ. ಒಂದು ತೊಟ್ಟೂ, ದೇವರಾಣೆ, ಒಂದು ತೊಟ್ಟೂ ಅವನ ತುಟಿಗೆ ತಾಗಿರಲಿಲ್ಲ. "ಮೋಯಾ, ಈ ಹುಲ್ಲು ಕಳಚಿಟ್ಟು ಬರ್ತೀನಿ. ಹುಡುಗ ಹೆದರಬಾರದು ನೋಡು," ಅಂದ. ಚೀಲದಲ್ಲಿ ಇಸ್ತ್ರಿ ಮಾಡಿದ ಬಿಳಿ ಅಂಗಿ ತಂದಿದ್ದ. ಡಾರಾಗೆ ತಾನೇ ಕೆತ್ತಿದ ಮರದ ಕುದುರೆ ತಂದಿದ್ದ. ಕೊಳಲನ್ನು ಮೆರವಣಿಗೆಯಲ್ಲಿದ್ದ ಬ್ಯಾಟಿ ಕೈಗೆ ಕೊಟ್ಟು, "ಹಿಡ್ಕೊಂಡಿರು, ಈಗ ಬಂದೆ," ಅಂತ ಅಂಗಿ ತಗೊಂಡು ಹಿಂದಿನ ನಲ್ಲಿಯ ಹತ್ತಿರ ಮುಖ ತೊಳೆಯಲು ಹೋದ. ನಾನು ಬಾಗಿಲಲ್ಲಿ ಅವನ ಚೀಲ ಹಿಡಿದು ನಿಂತೆ.

ಬ್ಯಾಟಿ ದೋಣಿಯಲ್ಲಿ ಕೆಲಸ ಮಾಡುವವನು. ಕಾನಿಯಷ್ಟೇ ಎತ್ತರ, ಅವನ ಹಾಗೇ ಹುಲ್ಲಿನ ಮುಖವಾಡ, ಬೆಳಗಿನಿಂದ ಕುಡಿದು ಕಣ್ಣು ಬಿಡಲಾಗದ ಸ್ಥಿತಿ. ಕೊಳಲು ಕೈಗೆ ಬಂದದ್ದೇ ತಡ, ಈಗ ನಾನೇ ಕಾನಿ ಅಂತ ತಲೆಗೇರಿತೋ ಏನೋ, ಮೇಲಿನ ಬೀದಿಯ ಕಡೆ ಹೊರಟೇಬಿಟ್ಟ. ಉಳಿದ ಹುಲ್ಲುವೇಷಗಳೆಲ್ಲ ಅವನ ಹಿಂದೆ ಕುಣಿಯುತ್ತಾ ಹೋದವು.

ಬಿಳಿ ಅಂಗಿ ತೊಟ್ಟು, ತಲೆ ಬಾಚಿಕೊಂಡು ಕಾನಿ ಹೊರಗೆ ಬಂದ. ಮದುವೆ ಗಂಡು! ಇಬ್ಬರೂ ಏರು ಹತ್ತಿ ಐಲಿಶ್ ಮನೆಗೆ ಹೋದೆವು. ಮೆರವಣಿಗೆ ಮುಂದೆ ಹೋಗಿಯಾಗಿತ್ತು. ಅವಳ ಮೆಟ್ಟಿಲ ಮೇಲೆ ವಾಂತಿ, ಪುಡಿಪುಡಿ ಹುಲ್ಲು. ನಡುವೆ ಆ ಕೊಳಲು ಬಿದ್ದಿತ್ತು.

ಬ್ಯಾಟಿ ಏನು ಮಾಡಿ ಹೋಗಿದ್ದಾನೆ ಅಂತ ನನಗೆ ಹೊಳೆಯಿತು. ಕಾನಿಗೆ ಇನ್ನೂ ಅರ್ಥವಾಗಿರಲಿಲ್ಲ. ಕೊಳಲು ಎತ್ತಿ ಒರೆಸಿಕೊಂಡು ಬಾಗಿಲು ತಟ್ಟಿದ.

"ಐಲಿಶ್, ನಾನಮ್ಮಾ."

ಒಳಗಿನಿಂದ ಚಿಲಕ ಹಾಕಿದ ಸದ್ದು. "ಆಗ್ಲೇ ಬಂದಿದ್ಯಲ್ಲಪ್ಪ. ನೋಡಿದ್ವಿ. ಮಗು ಕಿಟಕೀಲಿ ನಿಂತು ನಿನಗೋಸ್ಕರ ಕಾಯ್ತಿತ್ತು, ಅದೂ ನೋಡ್ತು. ಹೋಗು."

"ಅದು ನಾನಲ್ಲ ಕಣೇ! ಬ್ಯಾಟಿ ಅದು! ನಾನು ಒಂದು ತೊಟ್ಟೂ ಕುಡಿದಿಲ್ಲ, ಬೇಕಾದರೆ ಬಾಯಿ ಮೂಸು..."

ಅಂದ ಮೇಲೆ ಅವನೇ ನಿಲ್ಲಿಸಿದ. ಆ ಮಾತನ್ನು ಅವಳು ಎಲ್ಲಿ ಕೇಳಿದ್ದಳು ಅಂತ ಅವನಿಗೂ ನೆನಪಾಯಿತು.

ನಾನು ಬಾಗಿಲು ಗುದ್ದಿದೆ. "ಐಲಿಶ್! ನಿಮ್ಮಮ್ಮನಾಣೆ, ಅವನು ಕುಡಿದಿಲ್ಲ! ನಾನು ಸಾಕ್ಷಿ!" ಕಿಟಕಿ ಒಂದಿಷ್ಟು ತೆರೆಯಿತು. ಅವಳ ಕೆಂಪು ಕಣ್ಣು ಕಂಡಿತು. ನನ್ನ ಉಸಿರು ಅವಳ ಮುಖಕ್ಕೆ ಬಡಿಯಿತು. ಹಿಂದೆ ನಿಂತ ಅಪ್ಪನನ್ನು ಅವಳು ನೋಡಲೇ ಇಲ್ಲ.

"ಥೂ, ನೀನೂನಾ ಮೋಯಕ್ಕ?" ಅಂದಳು. ಕಿಟಕಿ ಮುಚ್ಚಿತು.

ಅವನ ಪಾಲಿನದನ್ನು ಕುಡಿದು ಅವನನ್ನು ಕಾಪಾಡಿದೆ ಅಂದುಕೊಂಡಿದ್ದೆನಲ್ಲ, ಅದೇ ನನ್ನ ಬಾಯಲ್ಲಿ ನಾರುತ್ತಿತ್ತು.

ಕಾನಿ ಬಯ್ಯಲಿಲ್ಲ, ಅಳಲಿಲ್ಲ. ಮರದ ಕುದುರೆಯನ್ನು ಮೆಟ್ಟಿಲ ಚೊಕ್ಕವಿದ್ದ ಮೂಲೆಯಲ್ಲಿಟ್ಟ. "ಬಾ ಕಾನಿ, ನಾಳೆ ಎಲ್ಲ ಸರಿಯಾಗುತ್ತೆ, ಬ್ಯಾಟೀನೇ ಹಿಡ್ಕೊಂಡು ಬಂದು ಹೇಳಿಸ್ತೀನಿ," ಅಂತ ತೋಳು ಹಿಡಿದೆ. ಮೆತ್ತಗೆ ಬಿಡಿಸಿಕೊಂಡ.

"ಕುಡೀದೆ ಇದ್ರೂ ಅದೇ ಬಾಗಿಲು ಮೋಯಾ," ಅಂದ.

ಏರು ಇಳಿದು ಹೋದ. ಇವನ ಹೆಸರಲ್ಲಿ ಎತ್ತಿಟ್ಟ ಗ್ಲಾಸುಗಳು ಪಬ್ಬುಗಳಲ್ಲಿ ಕಾಯುತ್ತಿದ್ದವಲ್ಲ, ಒಂದನ್ನೂ ಬಿಡಲಿಲ್ಲ. ಊರು ಚಪ್ಪಾಳೆ ತಟ್ಟಿತಂತೆ, ಕಾನಿ ಮತ್ತೆ ನಮ್ಮವನಾದ ಅಂತ. ನಾನು ಹಿಂದೆ ಹೋಗಲು ನೋಡಿದೆ. ಏರಿನ ಬುಡದಲ್ಲೇ ಕಾಲು ಸೋತು ಕೂತುಬಿಟ್ಟೆ.

ಬೆಳಗ್ಗೆ ಬ್ಯಾಟಿಗೆ ಅಮಲು ಇಳಿದ ಕೂಡಲೇ ಕಿವಿ ಹಿಡಿದು ಐಲಿಶ್ ಮನೆಗೆ ಎಳೆದುಕೊಂಡು ಹೋದೆ. ಅವನು ತಲೆ ತಗ್ಗಿಸಿ ಎಲ್ಲ ಹೇಳಿದ. ಐಲಿಶ್ ಮುಖ ಬಿಳಿಚಿತು. ಡಾರಾಗೆ ಕೋಟು ಹಾಕಿದಳು. ಹುಡುಗ ಮರದ ಕುದುರೆ ಎತ್ತಿಕೊಂಡ. ಅವಳು ಓಡುತ್ತಲೇ ಬಂದಳು, "ಅಪ್ಪಾ" ಅಂತ ಬೀದಿಯಿಂದಲೇ ಕೂಗುತ್ತಾ. ಎಷ್ಟು ವರ್ಷವಾಗಿತ್ತು ಅವಳು ಹಾಗೆ ಕೂಗಿ!

ಕಾನಿಯ ಬಾಗಿಲು ಹಾರು ಹೊಡೆದಿತ್ತು. ಅವನು ಒಲೆಯ ಮುಂದೆ ನೆಲದ ಮೇಲೆ ಬಿದ್ದಿದ್ದ, ಬಿಳಿ ಅಂಗಿಯ ತುಂಬ ವಾಂತಿ, ಪ್ಯಾಂಟು ಒದ್ದೆ. ಕಣ್ಣು ತೆರೆದು ಮಗಳನ್ನು ನೋಡಿದ, ಗುರುತು ಹತ್ತಲಿಲ್ಲ.

"ಐಲಿಶ್," ಅಂದೆ, "ನಿನ್ನೆ ಬಾಗಿಲಿಗೆ ಬಂದು ಬಿದ್ದದ್ದು ಇವನಲ್ಲ ಕಣಮ್ಮ. ಆಣೆ ಮಾಡಿ ಹೇಳ್ತೀನಿ, ಇವನಲ್ಲ."

"ಗೊತ್ತಾಯ್ತು ಮೋಯಕ್ಕ," ಅಂದಳು. ಮಗುವಿನ ಕಣ್ಣಿಗೆ ಕೈ ಅಡ್ಡ ಹಿಡಿದಿದ್ದಳು. "ಹಾಗಾದ್ರೆ ಇದು ಯಾರು?"