ಗಳದ ಮೇಡಂ ಉಳಿಸಿದ ಗುಡ್ಡ

ನಗರ ಯೋಜನೆಯ ಕ್ಷೇತ್ರದಲ್ಲಿ ಹೆಸರು ಮಾಡಿದವರೆಂದರೆ ಸಾಮಾನ್ಯವಾಗಿ ಏನನ್ನಾದರೂ ಕಟ್ಟಿಸಿದವರು. ಬಡಾವಣೆ, ಮೇಲ್ಸೇತುವೆ, ಮಾರುಕಟ್ಟೆ, ಏನೂ ಇಲ್ಲದಿದ್ದರೆ ನೀರು ಬಾರದ ಒಂದು ಕಾರಂಜಿಯಾದರೂ ಅವರ ಹೆಸರಿನ ಕಲ್ಲನ್ನು ಹೊತ್ತು ನಿಂತಿರುತ್ತದೆ. ಈ ತಿಂಗಳು ಸೇವೆಯಿಂದ ನಿವೃತ್ತರಾಗುತ್ತಿರುವ ನಮ್ಮ ನಗರ ಯೋಜನಾಧಿಕಾರಿ ಮೇಡಂ ಆ ಸಾಲಿಗೆ ಸೇರಿದವರಲ್ಲ. ಊರಿನ ಪಶ್ಚಿಮಕ್ಕಿರುವ ಗುಡ್ಡದ ಇಳಿಜಾರಿನಲ್ಲಿ ಏನೂ ಏಳದಂತೆ, ಊರಿನ ಕಣ್ಣಿಗೂ ಆ ಗುಡ್ಡಕ್ಕೂ ನಡುವೆ ಏನೂ ಅಡ್ಡ ಬಾರದಂತೆ ನೋಡಿಕೊಂಡದ್ದೇ ಅವರ ಜೀವಮಾನದ ಕೆಲಸ. ಈ ಅಭಿನಂದನ ಗ್ರಂಥಕ್ಕಾಗಿ ಸಮಿತಿಯವರು ಅವರ ಸಾಧನೆಯ ಛಾಯಾಚಿತ್ರ ಕೇಳಿದಾಗ ನಾನು ಗುಡ್ಡದ ಚಿತ್ರ ಕಳುಹಿಸಿದೆ. ಮರುದಿನವೇ ಕಾರ್ಯದರ್ಶಿಗಳ ಫೋನು ಬಂತು. "ಸಾರ್, ಇದ್ರಲ್ಲಿ ಬರೀ ಹುಲ್ಲು ಕಾಣ್ತಿದೆ. ಸಾಧನೆ ಎಲ್ಲಿದೆ?" ಅದೇ ಸಾಧನೆ ಎಂದು ಅವರಿಗೆ ಒಪ್ಪಿಸುವಷ್ಟರಲ್ಲಿ ನನಗೆ ಸಾಕುಸಾಕಾಗಿ ಹೋಯಿತು.

ನಾನು ನಕ್ಷೆಗಾರನಾಗಿ ಅವರ ಕೈಕೆಳಗೆ ಸೇರಿದಾಗ ಕಚೇರಿ ಪುರಸಭೆಯ ಹಿಂಬದಿಯ ಮಹಡಿಯಲ್ಲಿತ್ತು. ಗಾಳಿಗಿಂತ ಸದ್ದನ್ನೇ ಹೆಚ್ಚು ಕೊಡುವ ಒಂದು ಫ್ಯಾನು, ಅದರ ಕೆಳಗೆ ಉದ್ದನೆಯ ಮೇಜು, ಮೇಜಿನ ಮೇಲೆ ಇಡೀ ಊರು. ಹೊಸದಾಗಿ ತಯಾರಾಗುತ್ತಿದ್ದ ಮಹಾಯೋಜನೆಯಲ್ಲಿ ಗುಡ್ಡದ ಬುಡಕ್ಕೆ ನಾನು ಬಲು ನಾಜೂಕಾಗಿ ಒಂದು ಗಡಿಗೆರೆ ಎಳೆದು, ಶಹಭಾಸ್‌ಗಿರಿಗಾಗಿ ಕಾಯುತ್ತ ನಿಂತಿದ್ದೆ.

"ಈ ಜಾಗಕ್ಕೆ ಹೋಗಿದೀರಾ?" ಎಂದರು.

"ಇಲ್ಲ ಮೇಡಂ."

"ಮತ್ತೆ ಯಾವ ಧೈರ್ಯದ ಮೇಲೆ ಎಳೆದ್ರಿ? ಏಳಿ, ಚಪ್ಪಲಿ ಹಾಕ್ಕೊಳ್ಳಿ."

ಅಂದಿನಿಂದ ನನ್ನ ಚಪ್ಪಲಿ ಸವೆದಷ್ಟು ಪೆನ್ಸಿಲು ಸವೆಯಲಿಲ್ಲ. ಯಾವ ಬಂಡೆಯ ಹಿಂದೆ ಮಳೆನೀರು ಇಳಿಯುತ್ತದೆ, ಯಾವ ಓಣಿಯ ತುದಿಯಲ್ಲಿ ತಲೆಯೆತ್ತಿದರೆ ಗುಡ್ಡ ಕಾಣುತ್ತದೆ ಎಂಬುದನ್ನೆಲ್ಲ ಅವರು ನಡೆದು ನೋಡಿ, ನೋಡಿ ಬರೆದು, ಬರೆದದ್ದನ್ನು ನಿಯಮವಾಗಿಸಿದರು. ಇಳಿಜಾರು ಹಸಿರು ವಲಯವಾಯಿತು. ಬುಡದ ಬೀದಿಗಳಲ್ಲಿ ಕಟ್ಟಡದ ಎತ್ತರ ಗುಡ್ಡದ ಅಂಚನ್ನು ಮರೆಮಾಡಬಾರದು ಎಂಬ ಷರತ್ತು ಮಹಾಯೋಜನೆಗೆ ಸೇರಿತು.

ಷರತ್ತು ಬರೆಯುವುದು ಸುಲಭ, ಪಾಲಿಸುವಂತೆ ಮಾಡುವುದೇ ಪಡಿಪಾಟಲು. ಅದಕ್ಕೆ ಮೇಡಂ ಕಂಡುಕೊಂಡ ದಾರಿ ಬಿದಿರಿನ ಗಳ. ಆ ಬೀದಿಗಳಲ್ಲಿ ಯಾರು ಮನೆ ಕಟ್ಟಲು ಅರ್ಜಿ ಹಾಕಿದರೂ ಖಾಲಿ ನಿವೇಶನದ ನಾಲ್ಕು ಮೂಲೆಗೆ, ಕಟ್ಟಡ ಏರಲಿರುವಷ್ಟೇ ಎತ್ತರಕ್ಕೆ ಗಳ ನಿಲ್ಲಿಸಿ, ತುದಿಯಿಂದ ತುದಿಗೆ ಬಿಳಿ ಬಟ್ಟೆ ಕಟ್ಟಿಸುತ್ತಿದ್ದರು. ಆಮೇಲೆ ಬಸ್ ನಿಲ್ದಾಣದ ಬೆಂಚು, ಶಾಲೆಯ ಜಗಲಿ, ತರಕಾರಿ ಸಂತೆಯ ಮೆಟ್ಟಿಲು, ಹೀಗೆ ಜನ ಸುಮ್ಮನೆ ಕೂರುವ ಕಡೆಗಳಲ್ಲಿ ತಾವೂ ಕೂತು, ಬಟ್ಟೆ ಗುಡ್ಡದ ಅಂಚನ್ನು ದಾಟುತ್ತದೆಯೇ ಎಂದು ನೋಡುತ್ತಿದ್ದರು. ಒಬ್ಬ ಗುತ್ತಿಗೆದಾರ ಜಾಣತನ ತೋರಿಸಲು ಹೋಗಿ ಗಳದ ಬುಡವನ್ನು ಆಳಕ್ಕೆ ಹೂತಿದ್ದ. ಅಂದಿನಿಂದ ಅಳತೆ ಟೇಪಿನ ಒಂದು ತುದಿ ಅವರ ಕೈಯಲ್ಲೇ ಇರತೊಡಗಿತು. ಊರವರು 'ಗಳದ ಮೇಡಂ' ಎಂದು ಹೆಸರಿಟ್ಟರು. ಅದು ಅವರ ಕಿವಿಗೂ ಬಿತ್ತು. "ಕೆಟ್ಟ ಹೆಸರೇನಲ್ಲ, ನೆಟ್ಟಗಿದೆ," ಎಂದು ನಕ್ಕರು.

ಆಗಲೇ ನನ್ನ ಅಪ್ಪನಿಗೆ ಲಕ್ವ ಹೊಡೆಯಿತು. ಸರ್ಕಾರಿ ಆಸ್ಪತ್ರೆಯ ಉದ್ದನೆಯ ವಾರ್ಡಿನಲ್ಲಿ, ಮಾತು ನಿಂತು, ಬಲಗೈ ನಿಂತು ಮಲಗಿದ್ದರು. ಮೇಡಂ ರಜೆ ಮಂಜೂರು ಮಾಡಿದ್ದಷ್ಟೇ ಅಲ್ಲ, ಸಂಜೆಯ ಹೊತ್ತು ತಾವೇ ಬಂದು ಅಪ್ಪನ ಹತ್ತಿರ ಕೂತು, ನನ್ನನ್ನು ಊಟಕ್ಕೆ ಕಳಿಸುತ್ತಿದ್ದರು. ಒಂದು ಸಂಜೆ ನಾನು ವಾಪಸಾದಾಗ ಅವರು ಅಪ್ಪನ ದಿಂಬಿನ ಮಟ್ಟಕ್ಕೆ ತಲೆ ತಗ್ಗಿಸಿ ಕಿಟಕಿಯತ್ತ ನೋಡುತ್ತಿದ್ದರು. "ನಿಮ್ಮಪ್ಪ ದಿನಾ ಏನು ನೋಡ್ತಾರೆ ಅಂತ ಈಗ ಗೊತ್ತಾಯ್ತು ಕಣ್ರಿ," ಎಂದರು. ಕಿಟಕಿಯಲ್ಲಿ ಆಸ್ಪತ್ರೆಯ ಹಿಂಬದಿಯ ಬೀದಿಯ ತಗ್ಗು ಮನೆಗಳ ಮೇಲೆ ಗುಡ್ಡ ಇತ್ತು. ಅಪ್ಪ ಕಡೆಯವರೆಗೂ ಅದನ್ನು ನೋಡುತ್ತಲೇ ಇದ್ದರು. ಮುಂದಿನ ತಿಂಗಳು ಆ ವಾರ್ಡಿನ ಕಿಟಕಿಯೂ ನಮ್ಮ ನೋಟದ ಜಾಗಗಳ ಪೈಕಿ ಸೇರಿತು. ಈ ಉಪಕಾರವನ್ನು ನಾನು ಯಾವ ಜನ್ಮದಲ್ಲಿ ತೀರಿಸಲಿ?

ಇಷ್ಟೆಲ್ಲ ಅಂತಃಕರಣವಿದ್ದವರಿಗೆ ಊರಲ್ಲಿ ಒಬ್ಬ ಗೆಳತಿ ಇರಲಿಲ್ಲ. ಇಂದು ಚಹಾಕ್ಕೆ ಕರೆದವರು ನಾಳೆ ಅರ್ಜಿ ಹಿಡಿದು ಬರಬಹುದೆಂದು ಯಾರ ಮನೆಯ ಹೊಸ್ತಿಲನ್ನೂ ಅವರು ದಾಟುತ್ತಿರಲಿಲ್ಲ. ಡಬ್ಬಿ ತೆರೆಯುವ ಮುನ್ನ ಕೋಣೆಯ ಬಾಗಿಲು ಮುಂದೆ ಮಾಡುತ್ತಿದ್ದರು. ಅವರಿಗೆಂದು ಇದ್ದದ್ದು ಒಬ್ಬನೇ ತಮ್ಮ. ಅಪ್ಪ ಅಮ್ಮ ಬೇಗ ತೀರಿಕೊಂಡದ್ದರಿಂದ ಅವನನ್ನು ಓದಿಸಿ, ಆಸ್ಪತ್ರೆಯ ಎದುರು ಔಷಧಿ ಅಂಗಡಿ ಹಾಕಿಸಿಕೊಟ್ಟು, ಮದುವೆ ಮಾಡಿ, ತಾವು ಮದುವೆಯ ಮಾತೆತ್ತದೆ ಅವನ ಸಂಸಾರದೊಂದಿಗೆ ಬಾಡಿಗೆ ಮನೆಯಲ್ಲಿದ್ದರು. ಸಂಜೆ ಮನೆಗೆ ಹೊರಟಾಗ ಮಾತ್ರ ಅವರ ಹೆಜ್ಜೆ ಚುರುಕಾಗುತ್ತಿತ್ತು.

ನಾನು ಬಡ್ತಿ ಹೊಂದಿ ಪಕ್ಕದ ಊರಿಗೆ ಹೋದ ಮೇಲೆ ಆ ತಮ್ಮ ಆಸ್ಪತ್ರೆಯ ಹಿಂಬದಿಯ ಬೀದಿಯಲ್ಲಿ ನಿವೇಶನ ಕೊಂಡರು. ನಕ್ಷೆಯಲ್ಲಿ ಮೂರು ಅಂತಸ್ತು, ಅದರ ಮೇಲೆ ಗುಡ್ಡಕ್ಕೆ ಮುಖಮಾಡಿ ದೊಡ್ಡ ಕಿಟಕಿಯ ಒಂದು ಕೋಣೆ. ಆ ಕೋಣೆಯೊಳಗೆ 'ಅಕ್ಕನ ಕೋಣೆ' ಎಂದೇ ಬರೆಸಿದ್ದರು. ಗಳ ನೆಟ್ಟಾಯಿತು. ಮೂರು ಅಂತಸ್ತಿನವರೆಗೆ ತೊಂದರೆಯಿಲ್ಲ. ಅಕ್ಕನ ಕೋಣೆಯ ಎತ್ತರದ ಬಟ್ಟೆ ಮಾತ್ರ ವಾರ್ಡಿನ ಕಿಟಕಿಯಲ್ಲಿ ಗುಡ್ಡದ ಅಂಚನ್ನು ನುಂಗಿತು.

ತಮ್ಮನ ಕಡತವನ್ನು ತಾವು ಮುಟ್ಟಬಾರದೆಂದು ಮೇಡಂ ಮೇಲಿನ ಕಚೇರಿಗೆ ಕಳುಹಿಸಿದರು. ಅಲ್ಲಿಗೆ ಸುಮ್ಮನಿದ್ದಿದ್ದರೆ ಯಾರೂ ಬೆರಳು ತೋರಿಸುತ್ತಿರಲಿಲ್ಲ. ಅವರು ತಮ್ಮನೊಂದಿಗಿದ್ದ ಬಾಡಿಗೆ ಮನೆ ಬಿಟ್ಟು ಒಂಟಿ ಕೋಣೆಯೊಂದನ್ನು ಬಾಡಿಗೆಗೆ ಹಿಡಿದರು, ಆಮೇಲೆ ಊರಿನ ಒಬ್ಬ ನಿವಾಸಿಯಾಗಿ, ತಮ್ಮದೇ ಕಚೇರಿಯ ಕಿಟಕಿಯ ಮುಂದೆ ಎಲ್ಲರಂತೆ ಸಾಲಿನಲ್ಲಿ ನಿಂತು ಆಕ್ಷೇಪಣೆ ಸಲ್ಲಿಸಿದರು. ವಿಚಾರಣೆ ನಡೆಸಲು ಮೇಲಿನವರು ಕಳುಹಿಸಿದ್ದು ಯಾರನ್ನು? ನನ್ನನ್ನೇ. ನಾನು ಅವರ ಶಿಷ್ಯ, ಆಗದು ಎಂದು ಬರೆದೆ. ಬೇರೆ ಅಧಿಕಾರಿಯಿಲ್ಲ, ಎರಡೂ ಕಡೆಯವರು ಒಪ್ಪಿದ್ದಾರೆ, ಹೋಗಿ ಎಂದರು.

ಪುರಸಭೆಯ ಸಭಾಂಗಣ ಅಂದು ಕಿಕ್ಕಿರಿದಿತ್ತು. ನಿಯಮದಂತೆ ಕೇಳಲೇಬೇಕಾಗಿತ್ತು, ಕೇಳಿದೆ. "ಅರ್ಜಿದಾರರಿಗೆ ನೀವು ಏನಾಗ್ಬೇಕು?"

"ಅಕ್ಕ," ಎಂದರು. ಹಿಂದಿನ ಸಾಲಿನವರು ನಕ್ಕರು.

ತಮ್ಮ ಎದ್ದು ನಿಂತರು. "ಆ ಮೇಲಿನ ರೂಮು ಯಾರಿಗೆ ಅಂತ ಅವಳನ್ನೇ ಕೇಳಿ ಸಾರ್. ರಿಟೈರ್ ಆದ್ಮೇಲೆ ಕೂತ್ಕೊಂಡು ಅವಳ ಗುಡ್ಡ ಅವಳು ನೋಡ್ಲಿ ಅಂತ ಕಟ್ತಿರೋದು. ನನಗೇನು ಗುಡ್ಡ ತಿನ್ನೋಕಾಗತ್ತಾ?"

ಈಗ ಯಾರೂ ನಗಲಿಲ್ಲ. ಮೇಡಂ ತಮ್ಮನತ್ತ ತಿರುಗದೆ, ನನ್ನನ್ನೇ ನೋಡುತ್ತ ಹೇಳಿದರು. "ನನಗೆ ಅಂತ ಗೊತ್ತು. ನನ್ನ ಒಬ್ಬಳ ಕಿಟಕಿಗೋಸ್ಕರ ಅಲ್ಲಿ ಮಲಗಿರೋರ ಕಿಟಕಿ ಮುಚ್ಚೋದು ಬೇಡ. ಆ ಕೋಣೆ ತೆಗೆದು ಉಳಿದದ್ದಕ್ಕೆ ಅನುಮತಿ ಕೊಡಿ, ಸಾರ್."

ಆ ದಿನದವರೆಗೆ ಅವರು ನನ್ನನ್ನು ಸಾರ್ ಎಂದವರಲ್ಲ. ಅವರು ಕೇಳಿದ್ದು ನ್ಯಾಯವಾಗಿತ್ತು, ಹಾಗೇ ಆದೇಶ ಬರೆದೆ. ಹೊರಗೆ ಮೊಗಸಾಲೆಯಲ್ಲಿ ತಮ್ಮನ ಮಗಳು "ಅತ್ತೆ" ಎಂದು ಓಡಿ ಬರಹೊರಟಳು. ತಮ್ಮ ಅವಳ ಕೈ ಹಿಡಿದು ಮೆಟ್ಟಿಲಿಳಿದು ಹೋದರು. ಮೇಡಂ ನನ್ನ ಆದೇಶದ ಪ್ರತಿಯನ್ನು ಮತ್ತೊಮ್ಮೆ ಓದಿದರು. "ಚೆನ್ನಾಗಿ ಬರೆದಿದೀರಿ. ಎತ್ತರವನ್ನ ಅಂಕಿ ಜೊತೆ ಅಕ್ಷರದಲ್ಲೂ ಬರೀಬೇಕಿತ್ತು," ಎಂದರು.

ಮನೆ ಎದ್ದಿತು, ಮೂರೇ ಅಂತಸ್ತು. ಅಕ್ಕ ಅಲ್ಲಿಗೆ ಹೋಗಲಿಲ್ಲ, ತಮ್ಮ ಇವರ ಕೋಣೆಗೆ ಬರಲಿಲ್ಲ. ಆಮೇಲಿನ ವರ್ಷಗಳಲ್ಲಿ ಅವರ ಯೋಜನೆಯನ್ನು ನೋಡಲು ಬೇರೆ ಊರುಗಳ ಅಧಿಕಾರಿಗಳು ಬಂದರು, ಹಲವೆಡೆ ಗಳ ನೆಡುವ ಪದ್ಧತಿ ಜಾರಿಗೆ ಬಂತು, ಇಲಾಖೆ ಪ್ರಶಸ್ತಿ ಕೊಟ್ಟಿತು. ಪ್ರಶಸ್ತಿಯ ಫಲಕವನ್ನು ಅವರ ಬಾಡಿಗೆ ಕೋಣೆಗೆ ತಲುಪಿಸಲು ಹೋದವನು ನಾನೇ. ಒಂದು ಮಂಚ, ಒಂದು ಒಲೆ, ಒಂದು ತಟ್ಟೆ, ಮತ್ತು ಪಕ್ಕದ ಕಟ್ಟಡದ ಗೋಡೆಗೆ ತೆರೆಯುವ ಕಿಟಕಿ. ಇಡೀ ಊರಿಗೆ ಗುಡ್ಡ ಕಾಣಿಸಿದವರ ಕಿಟಕಿಯಲ್ಲಿ ಸುಣ್ಣ ಉದುರಿದ ಗೋಡೆ ನೋಡಿ ನನಗೆ ಅವರ ಮೇಲೇ ಸಿಟ್ಟು ಬಂತು. ಹೇಳುವ ಧೈರ್ಯ ಬರಲಿಲ್ಲ.

ಕಳೆದ ತಿಂಗಳು ಮೇಡಂ ಅವರ ಅಭಿನಂದನ ಸಮಾರಂಭಕ್ಕೆ ಕರೆಯಲು ಆ ತಮ್ಮನ ಮನೆಗೆ ಹೋದೆ. ಬೈಸಿಕೊಳ್ಳಲು ತಯಾರಾಗಿಯೇ ಹೋದದ್ದು. ಅವರು ನನ್ನನ್ನು ಮೂರನೆಯ ಅಂತಸ್ತಿಗೆ ಕರೆದೊಯ್ದು ಒಂದು ಬಾಗಿಲು ತೆಗೆದರು. ಅವರ ಮಲಗುವ ಕೋಣೆಯಾಗಬೇಕಿದ್ದ ಜಾಗ ಅದು. ಒಗೆದ ಹೊದಿಕೆ ಹಾಸಿದ ಮಂಚ, ಓದುವ ಮೇಜು, ಅಗಲವಾದ ಕಿಟಕಿ, ಕಿಟಕಿಯ ತುಂಬ ಗುಡ್ಡ.

"ನಾವು ಕೆಳಗೆ ಮಲಗ್ತೀವಿ. ಇದು ಅವಳದ್ದು. ಮನೆ ಕಟ್ಟಿದಾಗಿಂದ ಹೀಗೇ ಇದೆ," ಎಂದರು.

"ಅವರಿಗೆ ಹೇಳಿದೀರಾ?"

"ಅಕ್ಕನ್ನ ಯಾರಾದ್ರೂ ಕರೀತಾರಾ ಸಾರ್? ಅವಳ ಮನೆ, ಅವಳು ಬರ್ಬೇಕು."

ಅಂದೇ ಸಂಜೆ ಮೇಡಂ ಬಳಿ ಹೋಗಿ, ನಿವೃತ್ತಿಯ ನಂತರ ಎಲ್ಲಿರುತ್ತೀರಿ ಎಂದು ಸುಮ್ಮನೆ ವಿಚಾರಿಸಿದೆ. "ಇಲ್ಲೇ," ಎಂದರು. ತಮ್ಮನ ಮನೆಯ ಸುದ್ದಿ ತೆಗೆದೆ. "ಅವನು ಕರೀಲಿಲ್ಲವಲ್ಲ," ಎಂದು ಬೇರೆ ಮಾತಿಗೆ ತೊಡಗಿದರು. ನಡುವೆ ಬಾಯಿ ಹಾಕಲು ನಾನು ಯಾರು ಎಂದು ತೆಪ್ಪಗೆ ಎದ್ದು ಬಂದೆ. ಆದರೆ ಅಭಿನಂದನ ಗ್ರಂಥದಲ್ಲಿ ಬರೆದದ್ದಕ್ಕೆ ಎದುರು ಮಾತಾಡುವ ಪದ್ಧತಿಯಿಲ್ಲ. ಆ ಧೈರ್ಯದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಮೇಡಂ, ನೀವು ನೂರು ಕಾಲ ಆರೋಗ್ಯದಿಂದಿರಬೇಕು. ಮಹಾಯೋಜನೆಯ ಪರಿಷ್ಕರಣೆ ಮುಂದಿನ ವರ್ಷ ಬರಲಿದೆ, ಗುಡ್ಡದ ಮೇಲೆ ಕಣ್ಣಿಟ್ಟವರು ಈಗಲೇ ಓಡಾಡುತ್ತಿದ್ದಾರೆ, ಆಕ್ಷೇಪಣೆ ಸಲ್ಲಿಸುವ ಸಾಲಿನಲ್ಲಿ ನೀವೇ ಮೊದಲು ನಿಂತಿರಬೇಕು. ಅದಕ್ಕೂ ಮುಂಚೆ ಒಂದು ಕೆಲಸವಿದೆ. ಆಸ್ಪತ್ರೆಯ ಹಿಂಬದಿಯ ಬೀದಿಯ ಆ ಮನೆಯ ಮೂರನೆಯ ಅಂತಸ್ತಿನಲ್ಲಿ ನಿಮ್ಮ ಹಾಸಿಗೆ ಇಷ್ಟು ವರ್ಷ ಹಾಸಿಯೇ ಇದೆ. ಅವರು ಕರೆಯುವುದಿಲ್ಲ, ನೀವು ಕೇಳುವುದಿಲ್ಲ, ಅದಕ್ಕೇ ನಾನು ಅಚ್ಚು ಹಾಕಿಸಿ ಹೇಳುತ್ತಿದ್ದೇನೆ. ಏಳಿ, ಚಪ್ಪಲಿ ಹಾಕ್ಕೊಳ್ಳಿ.