ಗಂಟೆಯ ಹಗ್ಗ

ಗಂಗಾವತಿ ಕಾಲುವೆಯ ಬದಿಯ ನಮ್ಮ ಸಣ್ಣ ಚರ್ಚಿನ ಗಂಟೆಯನ್ನು ಸುವಾರ್ತಮ್ಮ ಬಾರಿಸುವುದಿಲ್ಲ, ತೊಟ್ಟಿಲಿನಂತೆ ತೂಗುತ್ತಾಳೆ. ಭಾನುವಾರದ ಮಂಜಿನಲ್ಲಿ ಆ ನಾದ ಭತ್ತದ ಗದ್ದೆಗಳ ಮೇಲೆ ಎಷ್ಟು ಮೆಲ್ಲಗೆ ಹರಿಯುತ್ತದೆಂದರೆ, ಗೋಪುರದ ಪಾರಿವಾಳವೂ ಕಣ್ಣು ತೆರೆಯುವುದಿಲ್ಲ. ಅರ್ಧ ಊರು ಅದನ್ನು ಕನಸಿನಲ್ಲೇ ಕೇಳಿ ಮಗ್ಗುಲು ಬದಲಿಸುತ್ತದೆ. "ಜೋರಾಗಿ ಹೊಡಿಯವ್ವಾ" ಎಂದು ಪಾದ್ರಿ ಅಂದರೆ, "ದೇವರಿಗೆ ಕಿವಿ ಛಲೋ ಅದಾವ್ರಿ" ಅನ್ನುತ್ತಾಳೆ. ನಿಜಾಮರ ಕಾಲದಲ್ಲಿ ಇಲ್ಲಿನ ಪಾದ್ರಿಯೇ ಊರಿನ ನ್ಯಾಯವನ್ನೂ ನಡೆಸುತ್ತಿದ್ದರು. ಈ ಗಂಟೆ ಹೊಡೆದರೆ ಎಲ್ಲರೂ ಬಂದು ಸೇರಬೇಕಿತ್ತು. ತಂಗಿಯ ಮದುವೆಯಲ್ಲಿ ಹಿಂದೂಗಳಂತೆ ಅರಿಶಿನ ಹಚ್ಚಿಕೊಂಡ ತಪ್ಪಿಗೆ ಸುವಾರ್ತಮ್ಮನ ತಾಯಿಯನ್ನು ಇದರ ಕೆಳಗೇ ನಿಲ್ಲಿಸಿ, ಇವಳಿಗೆ ಯಾರೂ ನೀರು ಕೊಡಬಾರದೆಂದು ಸಾರಿದ್ದರು. ಹೋದ ವರ್ಷ ಚರ್ಚಿನ ಹಿರಿಯರು ಸುವಾರ್ತಮ್ಮನ ಮನೆಗೆ ಬಂದು, ಅದಕ್ಕಾಗಿ ತಲೆತಗ್ಗಿಸಿ ಕ್ಷಮೆ ಕೇಳಿದರು. ಆಕೆ ತಂಬಿಗೆ ತುಂಬ ನೀರು ತಂದು ಅವರಿಗೆ ಕುಡಿಯಲು ಕೊಟ್ಟಳು. ಈಗ ಪಂಚಾಯ್ತಿ ಚುನಾವಣೆ ಬಂದಿದೆ. ಯಾರಿಗೆ ಓಟು ಹಾಕಬೇಕೆಂದು ತಿಳಿಸಲು ಜನರನ್ನು ಕೂಡಿಸಬೇಕು, ಗಂಟೆ ಹೊಡಿ ಎಂದು ನಿನ್ನೆ ಅದೇ ಹಿರಿಯರು ಹೇಳಿದರು. ಸುವಾರ್ತಮ್ಮ ಹಗ್ಗವನ್ನು ಮೆಲ್ಲಗೆ ಬಿಚ್ಚಿ ಸೆರಗಿನಲ್ಲಿ ಸುತ್ತಿಕೊಂಡಳು. "ನಿಮ್ಮನ್ನ ಕ್ಷಮಾ ಮಾಡೇನ್ರಿ," ಅಂದಳು. "ಹಗ್ಗ ಕೊಟ್ಟಿಲ್ರಿ."